ಪ್ರಾಮ್ ರಾತ್ರಿಗೆ ಪಾರ್ಟಿ ಬಸ್ಸು: ಕೊಡಿಸಬೇಕೆ, ಬೇಡವೆ?

ಫ್ರೀಮಾಂಟ್ ಅಪ್ಪ: ಮಗಳಿಗೆ ಹೈಸ್ಕೂಲಿನ ಕೊನೆಯ ವರ್ಷ. ಮೇ ತಿಂಗಳ ಒಂದು ಶನಿವಾರ ಪ್ರಾಮ್. (ಊರಿನಲ್ಲಿರುವವರಿಗೆ: ಶಾಲೆ ಮುಗಿಸುವ ಮಕ್ಕಳು ಕೋಟು, ಗೌನು ತೊಟ್ಟು ಹೋಗುವ, ಶಾಲೆಯೇ ಏರ್ಪಡಿಸುವ ನೃತ್ಯಕೂಟ.) ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಶಾಲೆಯಿಂದ ಬಸ್ಸಿಲ್ಲ. ಹದಿನಾಲ್ಕು ಮಕ್ಕಳು ಸೇರಿ ಪಾರ್ಟಿ ಬಸ್ಸು (ಒಳಗೆ ಹಾಡು, ದೀಪ ಇರುವ ಬಾಡಿಗೆ ಬಸ್ಸು) ಗೊತ್ತು ಮಾಡಬೇಕೆಂದಿದ್ದಾರೆ. ಆರು ತಾಸಿಗೆ 1,400 ಡಾಲರ್, ಅದರ ಮೇಲೆ ಶೇ 20ರಷ್ಟು ಟಿಪ್ಪನ್ನು ಬಸ್ಸಿನ ಕಂಪನಿಯವರೇ ಬಿಲ್ಲಿಗೆ ಸೇರಿಸಿದ್ದಾರೆ. ತಲೆಗೆ 120 ಬೀಳುತ್ತದೆ. ಮನೆಯಾಕೆ ಒಪ್ಪಿದ್ದಾಳೆ, ನನಗೆ ಅರೆಮನಸ್ಸು. ಒಪ್ಪಿದರೂ ಬಸ್ಸಿನ ಹಿಂದೆ ನನ್ನ ಕಾರಿನಲ್ಲಿ ಹೋಗೋಣ ಎಂದುಕೊಂಡಿದ್ದೇನೆ. ಮಕ್ಕಳನ್ನು ಕಳುಹಿಸಿದ ಅನುಭವ ಇರುವವರು ತಿಳಿಸಿ.

ಸಿಯೆನ್ನಾ ಸಾರಥಿ: ಒಟ್ಟು 1,680 ಡಾಲರ್! ಎಂಟು ಸೀಟಿನ ಟೊಯೋಟಾ ಸಿಯೆನ್ನಾ ವ್ಯಾನು ಎರಡು ತನ್ನಿ. ಇದರಲ್ಲಿ ಏಳು ಮಕ್ಕಳು, ಅದರಲ್ಲಿ ಏಳು, ಸ್ಟಿಯರಿಂಗ್ ಹಿಡಿಯಲು ಇಬ್ಬರು ಅಪ್ಪಂದಿರು. ಪೆಟ್ರೋಲು, ಸೇತುವೆಯ ಸುಂಕ ಬಿಟ್ಟರೆ ಖರ್ಚೇ ಇಲ್ಲ. ಕ್ರೆಡಿಟ್ ಕಾರ್ಡಿನ ವೀಸಾ ಕಂಪನಿ 2013ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಅಮೆರಿಕದ ಕುಟುಂಬಗಳು ಪ್ರಾಮ್‌ಗೆ ಸರಾಸರಿ 1,139 ಡಾಲರ್ ಸುರಿಯಲು ಹೊರಟಿದ್ದವು. ಒಂದು ಸಂಜೆಗೆ! ನಾವೂ ಅದೇ ಹುಚ್ಚಿಗೆ ಬೀಳಬೇಕೆ?

ಮಲೆನಾಡ ಮಳೆ: ಅದೇ ವೀಸಾ 2015ರಲ್ಲಿ 919 ಡಾಲರ್ ಎಂದಿತ್ತು. ಇಳಿದ ಅಂಕಿ ನಿಮ್ಮ ಕಣ್ಣಿಗೆ ಬೀಳಲಿಲ್ಲ, ಇರಲಿ. ನನಗೆ ಆಶ್ಚರ್ಯ ತಂದದ್ದು ಮೂಲ ಬರಹದ ಆ ಒಂದು ಮಾತು: "ಬಸ್ಸಿನ ಹಿಂದೆ ನನ್ನ ಕಾರಿನಲ್ಲಿ." ಸ್ವಾಮಿ, ನೀವು ಅವಳ ತಂದೆಯೋ, ಪತ್ತೇದಾರರೋ? ಇನ್ನು ಮೂರು ತಿಂಗಳಿಗೆ ಆಕೆ ಕಾಲೇಜಿನ ಹಾಸ್ಟೆಲ್ಲಿಗೆ ಹೋಗುತ್ತಾಳೆ. ಆಗಲೂ ಹಿಂದೆ ಕಾರು ಹೋಗುತ್ತದೆಯೇ?

ಫ್ರೀಮಾಂಟ್ ಅಪ್ಪ: ಪತ್ತೇದಾರಿಕೆಯ ಮಾತೇ ಇಲ್ಲ. 2013ರ ಮೇ 4ರ ರಾತ್ರಿ ಸ್ಯಾನ್ ಮಟಿಯೋ ಸೇತುವೆಯ ಮೇಲೆ ಉದ್ದನೆಯ ಬಾಡಿಗೆ ಕಾರಾದ ಲಿಮೋಸಿನ್‌ಗೆ ಬೆಂಕಿ ಹತ್ತಿ ಐವರು ಹೆಣ್ಣುಮಕ್ಕಳು ಒಳಗೇ ಸತ್ತರು. ಒಬ್ಬಾಕೆ ಹೊಸ ಮದುಮಗಳು. ಆ ಸೇತುವೆಯ ಮೇಲೆ ನಾನು ದಿನವೂ ಕೆಲಸಕ್ಕೆ ಹೋಗುತ್ತೇನೆ. ಹಿಂದೆ ಯಾರಾದರೂ ನಮ್ಮವರು ಇದ್ದರೆ ಒಳ್ಳೆಯದು ಎನಿಸುವುದು ತಪ್ಪೇ?

ಎಡಿಸನ್ ಮೇಷ್ಟ್ರು: ಖಂಡಿತ ತಪ್ಪಲ್ಲ. ನಾನು ನಿವೃತ್ತ ಮುಖ್ಯೋಪಾಧ್ಯಾಯ, ಸದ್ಯ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಬೇಲೂರು, ಹಳೇಬೀಡು, ಜೋಗ ಎಂದು ವರ್ಷವರ್ಷವೂ ಸಾರಿಗೆ ಸಂಸ್ಥೆಯ ಬಸ್ಸು ಮಾಡಿ ಮಕ್ಕಳನ್ನು ಕರೆದೊಯ್ದಿದ್ದೇನೆ. ಒಬ್ಬ ಶಿಕ್ಷಕಿ ಇಲ್ಲದೆ ಬಸ್ಸು ಹೊರಟದ್ದೇ ಇಲ್ಲ. 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿಯಲ್ಲಿ ಲಿಮೋಸಿನ್ ಅಪಘಾತಕ್ಕೆ 20 ಜನ ಬಲಿಯಾದರು. ತಪಾಸಣೆಯಲ್ಲಿ ಅನುತ್ತೀರ್ಣವಾದ ವಾಹನ, ಅದನ್ನು ಓಡಿಸಲು ತಕ್ಕ ಪರವಾನಗಿಯಿಲ್ಲದ ಚಾಲಕ. ಹಿರಿಯರು ಜೊತೆಗಿರಬೇಕು, ಅಷ್ಟೇ.

ಮಲೆನಾಡ ಮಳೆ: "ಹಿರಿಯರು ಜೊತೆಗಿರಬೇಕು." ಸ್ಕೊಹ್ಯಾರಿಯ ಆ ವಾಹನದಲ್ಲಿ ಇದ್ದವರೆಲ್ಲ ವಯಸ್ಕರೇ, ಮೇಷ್ಟ್ರೇ. ಹುಟ್ಟುಹಬ್ಬಕ್ಕೆ ಹೊರಟಿದ್ದರು. ಬ್ರೇಕು ಹಿಡಿಯಲಿಲ್ಲ. ಹಿಂದೆ ಒಬ್ಬ ಅಪ್ಪನ ಕಾರು ಇದ್ದಿದ್ದರೆ ಬ್ರೇಕು ಹಿಡಿಯುತ್ತಿತ್ತೇ?

ಎಡಿಸನ್ ಮೇಷ್ಟ್ರು: ಸತ್ತವರ ವಿಷಯದಲ್ಲಿ ಕುಹಕ ಬೇಡ ತಾಯಿ.

ಮಲೆನಾಡ ಮಳೆ: ಸತ್ತವರನ್ನು ಮಾತಿಗೆ ಎಳೆದು ತಂದವರು ನೀವು.

ಕಳೆದ ವರ್ಷ ಹೋದವಳು: ನಮಸ್ಕಾರ. ನಾನು ಹೋದ ವರ್ಷ ಸ್ಯಾನ್ ಹೊಸೆಯಿಂದ ಹೀಗೆಯೇ ಬಸ್ಸಿನಲ್ಲಿ ಹೋಗಿ ಬಂದೆ. ಅಂಕಲ್, ಕ್ಯಾಲಿಫೋರ್ನಿಯಾದಲ್ಲಿ ಇಂತಹ ವಾಹನಗಳಿಗೆ ಸಾರ್ವಜನಿಕ ಸೇವೆಗಳ ಆಯೋಗದ ಪರವಾನಗಿ ಬೇಕು. ಬಂಪರಿನ ಮೇಲೆ ಆ ಪರವಾನಗಿಯ ಸಂಖ್ಯೆ, ಅಂದರೆ ಟಿಸಿಪಿ ಸಂಖ್ಯೆ ಇರುತ್ತದೆ, ಅದನ್ನು ಆಯೋಗದ ಜಾಲತಾಣದಲ್ಲಿ ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ತಿಳಿಯುತ್ತದೆ. ವಿಮೆಯ ಪತ್ರ ಕೇಳಿ: 8ರಿಂದ 15 ಸೀಟಿನ ವಾಹನಕ್ಕೆ 15 ಲಕ್ಷ ಡಾಲರ್, 16 ಮತ್ತು ಹೆಚ್ಚಿನ ಸೀಟಿಗೆ 50 ಲಕ್ಷ ಡಾಲರ್ ವಿಮೆ ಕಡ್ಡಾಯ. ತೋರಿಸಿದ ಬಸ್ಸನ್ನೇ ಕಳುಹಿಸುತ್ತಾರೆಂದು ಒಪ್ಪಂದದಲ್ಲಿ ಬರೆಸಿ. ನಮಗೆ ಬಂದದ್ದೇ ಬೇರೆ, ಅದರ ಬೆಂಚಿನಂತಹ ಸೀಟುಗಳಲ್ಲಿ ಅರ್ಧಕ್ಕೆ ಬೆಲ್ಟು ಇರಲಿಲ್ಲ. ವಾಪಸು ಬರುವಾಗ ಎಲ್ಲ ಶಾಲೆಗಳ ಬಸ್ಸುಗಳೂ ಒಂದೇ ಬೀದಿಯಲ್ಲಿ ನಿಲ್ಲುತ್ತವೆ. ಚಾಲಕನ ಫೋನ್ ಸಂಖ್ಯೆ ಇಬ್ಬರ ಬಳಿ ಇರಲಿ. ಹಿಂದೆ ಕಾರಿನಲ್ಲಿ ಬರುವುದು ಮಾತ್ರ ಬೇಡ, ದಯವಿಟ್ಟು.

ಸಿಯೆನ್ನಾ ಸಾರಥಿ: ನೋಡಿ, "ಅರ್ಧಕ್ಕೆ ಬೆಲ್ಟು ಇರಲಿಲ್ಲ." ಸಿಯೆನ್ನಾದಲ್ಲಿ ಎಂಟು ಸೀಟಿಗೆ ಎಂಟು ಬೆಲ್ಟು. ನನ್ನ ವಾದ ಇಲ್ಲಿಗೆ ಮುಗಿಯಿತು.

ಮಲೆನಾಡ ಮಳೆ: ಆ ಮಗುವಿನ ಕೊನೆಯ ವಾಕ್ಯ ಓದಿದಿರಾ ಯಾರಾದರೂ? ಹೋಗಿ ಬಂದವಳೇ ಹೇಳುತ್ತಿದ್ದಾಳೆ.

ಎಡಿಸನ್ ಮೇಷ್ಟ್ರು: ಮಕ್ಕಳನ್ನು ಕೇಳಿದರೆ ಮೇಲ್ವಿಚಾರಣೆ ಬೇಡ ಎಂದೇ ಹೇಳುತ್ತಾರೆ. ಪರೀಕ್ಷೆ ಬೇಕೇ ಎಂದು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ, 2013ರಿಂದ ಜಾರಿಯಲ್ಲಿದೆ: ಇಂತಹ ಬಸ್ಸಿನಲ್ಲಿ ಚಿಕ್ಕವರಿದ್ದರೆ 25 ವರ್ಷ ತುಂಬಿದ ಮೇಲ್ವಿಚಾರಕರು ಇರಬೇಕು.

ಕೂಪರ್ಟಿನೊ ಕರಡಿ: ಅರ್ಧ ಕಾನೂನು ಓದಿ ಪೂರ್ತಿ ತೀರ್ಪು ಕೊಡಬೇಡಿ. 21 ತುಂಬದವರು ಇರುವ ವಾಹನದಲ್ಲಿ ಮದ್ಯವೂ ಇದ್ದರೆ ಮಾತ್ರ ಆ ನಿಯಮ. ಪ್ರಾಮ್‌ಗೆ ಹೊರಟ ಮಕ್ಕಳ ಬಸ್ಸಿನಲ್ಲಿ ಮದ್ಯ ಇರಕೂಡದು, ಮುಗಿಯಿತು. ಹಾಗೆ ನೋಡಿದರೆ ಬಸ್ಸೇ ಏಕೆ? ಹನ್ನೆರಡನೆಯ ತರಗತಿಯ ಮಕ್ಕಳಲ್ಲಿ ಹಲವರಿಗೆ ಲೈಸೆನ್ಸ್ ಇದೆ. ಅವರೇ ಓಡಿಸಿಕೊಂಡು ಹೋಗಲಿ.

ಸಿಯೆನ್ನಾ ಸಾರಥಿ: "ಅವರೇ ಓಡಿಸಿಕೊಂಡು"? ಹದಿನೆಂಟು ತುಂಬದವರಿಗೆ ಲೈಸೆನ್ಸ್ ಸಿಕ್ಕ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಓಡಿಸುವಂತಿಲ್ಲ, ಹಿರಿಯರು ಪಕ್ಕದಲ್ಲಿಲ್ಲದೆ 20 ತುಂಬದ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಬೇಸಿಗೆಯನ್ನು ಅಮೆರಿಕದ ವಾಹನ ಸವಾರರ ಸಂಘವಾದ ಎಎಎ ಸಂಸ್ಥೆ ಹದಿಹರೆಯದ ಚಾಲಕರ "100 ಅತಿ ಮಾರಕ ದಿನಗಳು" ಎಂದು ಸುಮ್ಮನೆ ಕರೆಯುವುದಿಲ್ಲ.

ಕೂಪರ್ಟಿನೊ ಕರಡಿ: ಆ ನೂರು ದಿನಗಳು ಶುರುವಾಗುವುದು ಮೇ ಕೊನೆಯ ಮೆಮೋರಿಯಲ್ ಡೇ ರಜೆಯಿಂದ. ಇವರ ಪ್ರಾಮ್ ಅದಕ್ಕೆ ಮೊದಲೇ ಮುಗಿದಿರುತ್ತದೆ. ಪಂಚಾಂಗ ನೋಡಿ ವಾದ ಮಾಡಿ.

ಸಿಯೆನ್ನಾ ಸಾರಥಿ: ಸಾವು ಪಂಚಾಂಗ ನೋಡಿಕೊಂಡು ಬರುತ್ತದೆಯೇ?

ಲೆಸ್ಟರ್ ಲಲಿತೆ: ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ ಪ್ರಾಮ್ ಬರುವುದು ಹದಿನಾರಕ್ಕೆ, ಲೈಸೆನ್ಸ್ ಸಿಗುವುದು ಹದಿನೇಳಕ್ಕೆ, ಆದ್ದರಿಂದ ಮಕ್ಕಳು ಓಡಿಸುವ ಪ್ರಶ್ನೆಯೇ ಇಲ್ಲ. ಬರುವ ಬಗೆಯೇ ಇಲ್ಲಿ ಸ್ಪರ್ಧೆ. ಗುಲಾಬಿ ಲಿಮೋ, ಹಳೆಯ ಅಗ್ನಿಶಾಮಕ ವಾಹನ, ಕುದುರೆಗಾಡಿ, ಹಳ್ಳಿಯ ಕಡೆ ಟ್ರ್ಯಾಕ್ಟರ್ ಕೂಡ. ಎಂಟು ಜನರವರೆಗಿನ ಬಾಡಿಗೆ ವಾಹನಕ್ಕೆ ಸ್ಥಳೀಯ ಕೌನ್ಸಿಲ್ ಪರವಾನಗಿ, ಅದಕ್ಕಿಂತ ದೊಡ್ಡದಕ್ಕೆ ಬಸ್ಸು ನಡೆಸುವವರ ಪರವಾನಗಿಯೇ ಬೇಕು. ನನ್ನ ಮಗ ಟ್ರ್ಯಾಕ್ಟರ್‌ನಲ್ಲಿ ಹೋದ. ಅವನ ಅಪ್ಪ ಹಿಂದೆ ಕಾರಿನಲ್ಲಿ ಹೋದರು, ಫೋಟೋ ತೆಗೆಯಲು. ಯಾರೂ ಸಾಯಲಿಲ್ಲ, ಯಾರಿಗೂ ಅವಮಾನವೂ ಆಗಲಿಲ್ಲ.

ಎಡಿಸನ್ ಮೇಷ್ಟ್ರು: "ಅವನ ಅಪ್ಪ ಹಿಂದೆ ಕಾರಿನಲ್ಲಿ ಹೋದರು." ಇದನ್ನು ಮಳೆ ಅವರು ಎರಡು ಸಲ ಓದಬೇಕು.

ಮಲೆನಾಡ ಮಳೆ: ಟ್ರ್ಯಾಕ್ಟರ್ ಹಿಂದೆ ಫೋಟೋಕ್ಕಾಗಿ ಹೋಗುವುದೂ ನಡುರಾತ್ರಿ ಹೆದ್ದಾರಿಯಲ್ಲಿ ಮಗಳ ಬೆನ್ನು ಹತ್ತುವುದೂ ಒಂದೇ? ಒಂದು ನೇರ ಪ್ರಶ್ನೆ ಕೇಳುತ್ತೇನೆ: ಮಗನಾಗಿದ್ದರೆ ಹಿಂದೆ ಹೋಗುತ್ತಿದ್ದಿರಾ?

ಫ್ರೀಮಾಂಟ್ ಅಪ್ಪ: ಹೋಗುತ್ತಿದ್ದೆ.

ಮಲೆನಾಡ ಮಳೆ: ನಂಬಿದೆ.

ಎಡಿಸನ್ ಮೇಷ್ಟ್ರು: ಇದು ಹೆಣ್ಣು ಗಂಡಿನ ವಿಷಯವಲ್ಲ. ಎಲ್ಲದರಲ್ಲೂ ಅದನ್ನೇ ಹುಡುಕುವವರಿಗೆ ಏನು ಹೇಳುವುದು.

ಮಲೆನಾಡ ಮಳೆ: ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರು ನೀವೇ. ನಾನು ಪ್ರಶ್ನೆ ಕೇಳಿದ್ದು ಅವರನ್ನು. ಪಿಯುಸಿಯಲ್ಲಿದ್ದಾಗ ಕಾಲೇಜಿನ ಪ್ರವಾಸದ ಬಸ್ಸಿನ ಹಿಂದೆ ನನ್ನ ದೊಡ್ಡಪ್ಪ ಶಿವಮೊಗ್ಗದವರೆಗೆ ಸ್ಕೂಟರಿನಲ್ಲಿ ಬಂದಿದ್ದರು. ಇಡೀ ಬಸ್ಸು ಹಿಂದಿನ ಗಾಜಿನಿಂದ ನೋಡಿ ನಗುತ್ತಿತ್ತು. ಕಾಳಜಿಯ ಹೆಸರಿನಲ್ಲಿ ಮಕ್ಕಳಿಗೆ ಏನು ಮಾಡುತ್ತೀರಿ ಎಂಬುದು ನನಗೆ ಗೊತ್ತಿದೆ.

ಎಡಿಸನ್ ಮೇಷ್ಟ್ರು: ನಿಮ್ಮ ದೊಡ್ಡಪ್ಪ ದೊಡ್ಡ ಮನುಷ್ಯರು. ಆ ಕಾಲದ ರಸ್ತೆಯಲ್ಲಿ ಸ್ಕೂಟರ್!

ಕೂಪರ್ಟಿನೊ ಕರಡಿ: ಮೇಷ್ಟ್ರೇ, ನಗು ಬಂತು, ಆದರೆ ಇದು ಅತಿಯಾಯಿತು. ಫೋನಿನಲ್ಲಿ ಸ್ಥಳ ಹಂಚಿಕೊಂಡರೆ ಬಸ್ಸು ಎಲ್ಲಿದೆ ಎಂದು ಮನೆಯ ಸೋಫಾದಿಂದಲೇ ಕಾಣುತ್ತದೆ. ಹಿಂದೆ ಹೋಗುವ ಅಪ್ಪ ನಿದ್ದೆಗಣ್ಣಿನಲ್ಲಿ ಗುದ್ದಿದರೆ ಅದೂ ಒಂದು ಪ್ರಾಮ್ ಅಪಘಾತವೇ.

ಮಲೆನಾಡ ಮಳೆ: ಸೋಫಾದಿಂದ ಕಾವಲು! ಅಲ್ಲಿಗೆ ಕಾವಲು ಬೇಕು ಎಂದು ನೀವೂ ಒಪ್ಪಿದಂತಾಯಿತು.

ಕೂಪರ್ಟಿನೊ ಕರಡಿ: ನಾನು ಯಾವಾಗ ಒಪ್ಪಿದೆ? ನಿಮ್ಮ ಪರವಾಗಿ ಮಾತಾಡಿದರೂ ಬೈಸಿಕೊಳ್ಳಬೇಕೇನು?

ಕಳೆದ ವರ್ಷ ಹೋದವಳು: ಅಂಕಲ್, ಆ ಕಂಪನಿಯ ಟಿಸಿಪಿ ಸಂಖ್ಯೆ ನೋಡಿದಿರಾ?

ಸಿಯೆನ್ನಾ ಸಾರಥಿ: ಸಂಖ್ಯೆ ನೋಡಿ ಏನು ಪ್ರಯೋಜನ ಮಗು? 2013ರಲ್ಲಿ ಸುಟ್ಟ ಆ ಲಿಮೋದ ಕಂಪನಿಗೂ ಪರವಾನಗಿ ಇತ್ತು. ಎಂಟು ಜನರ ಮಿತಿಯಿದ್ದ ಗಾಡಿಯಲ್ಲಿ ಒಂಬತ್ತು ಜನರನ್ನು ಕೂರಿಸಿದ್ದರು.

ಕಳೆದ ವರ್ಷ ಹೋದವಳು: ಅದಕ್ಕಾಗಿಯೇ ಆಯೋಗ ಅವರಿಗೆ ದಂಡ ಹಾಕಿತು. ಆ ಘಟನೆಯ ನಂತರವೇ ಉದ್ದನೆಯ ಲಿಮೋಗಳಿಗೆ ತುರ್ತು ಬಾಗಿಲುಗಳನ್ನೂ ಕಡ್ಡಾಯ ಮಾಡಿದರು. ಪರವಾನಗಿಯೇ ಇಲ್ಲದವರ ಬಳಿ ಸೀಟಿನ ಲೆಕ್ಕ ಕೇಳುವವರು ಯಾರು?

ಎಡಿಸನ್ ಮೇಷ್ಟ್ರು: ಕನ್ನಡ ಚೆನ್ನಾಗಿ ಬರೆಯುತ್ತೀಯಮ್ಮ. ಯಾವ ಊರು?

ಫ್ರೀಮಾಂಟ್ ಅಪ್ಪ: ಎಲ್ಲರಿಗೂ ವಂದನೆ. ಟಿಸಿಪಿ ಸಂಖ್ಯೆ ನೋಡಿದೆ, ಚಾಲ್ತಿಯಲ್ಲಿದೆ. ಇಂದು ಬಸ್ಸಿಗೆ 400 ಡಾಲರ್ ಮುಂಗಡ ಕೊಟ್ಟೆ, ಅದೇ ಬಸ್ಸು ಬರಬೇಕೆಂದು ಬರೆಸಿಕೊಂಡಿದ್ದೇನೆ. ಹಿಂದೆ ಹೋಗುವ ವಿಷಯ ಮಗಳ ಬಳಿ ಎತ್ತಿಲ್ಲ. ಆ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನನಗೂ ಸ್ವಲ್ಪ ಕೆಲಸ ಇದೆ.

ಮಲೆನಾಡ ಮಳೆ: ಶನಿವಾರ ರಾತ್ರಿ ಯಾವ ಕಚೇರಿ ತೆರೆದಿರುತ್ತದೆ, ಸ್ವಲ್ಪ ತಿಳಿಸಿ.

ಸಿಯೆನ್ನಾ ಸಾರಥಿ: ಮುಂಗಡ ವಾಪಸು ಬರುತ್ತದೆಯೇ ಕೇಳಿ. ನನ್ನ ಗಾಡಿ ಆ ದಿನ ಖಾಲಿಯೇ ಇದೆ.