ಮಣಿಪಾಲದ ಟೆರೇಸಿನಲ್ಲಿ ಕ್ರ್ಯಾನ್‌ಬೆರಿ: ಬೆಳೆಸಿದವರು ಹೇಳಿ

ಮಣಿಪಾಲ: ಆನ್‌ಲೈನಲ್ಲಿ ತರಿಸಿದ ಕ್ರ್ಯಾನ್‌ಬೆರಿ (ಹುಳಿ ಕೆಂಪು ಹಣ್ಣಿನ ಬಳ್ಳಿ) ಸಸಿ ಕುಂಡದಲ್ಲಿ ಉಂಟು. ಎಲೆ ಹಳದಿ ಆಗ್ತಾ ಇದೆ. ಎಂತ ಮಾಡುವುದು? ಕಾಯಿ ಬಿಡ್ತದಾ?

ಕಾರ್ಕಳ: ಬಿಡುವುದಿಲ್ಲ. ಸಸಿ 650, ಪೀಟ್ ಮಾಸ್ (ಕುಂಡಕ್ಕೆ ಹಾಕುವ ಒಣ ಜೌಗುಪಾಚಿ) 900, ಗಂಧಕದ ಪುಡಿ 180, ಮಣ್ಣಿನ ಹುಳಿ ಅಳೆಯುವ ಪಿಎಚ್ ಮೀಟರ್ 1,100. ಒಟ್ಟು 2,830 ರೂಪಾಯಿ, ಎರಡು ವರ್ಷದಲ್ಲಿ ಒಂದು ಹೂವಿಲ್ಲ. ಪಿಎಚ್ 4.5ಕ್ಕೆ ಇಳಿಸಿ ಮಣ್ಣು ಹುಳಿ ಮಾಡಿಯೂ ಇಷ್ಟೇ. ಆ ಬಳ್ಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಗೂ ಮೇಲೆ ಬೇಕು, ಇಲ್ಲದಿದ್ದರೆ ಹೂಮೊಗ್ಗು ಒಡೆಯುವುದೇ ಇಲ್ಲ. ನಮ್ಮಲ್ಲಿ ಜನವರಿ ರಾತ್ರಿಯೂ 20ರ ಆಸುಪಾಸು.

ಕುಂದಾಪುರ: ಚಳಿ ಆಮೇಲಿನ ಮಾತು, ಗಿಡವನ್ನು ಮೊದಲು ಕೊಲ್ಲುವುದು ನೀರು. ಬೋರಿನ ನೀರಿನ ಸುಣ್ಣದಂಶಕ್ಕೆ ಪಿಎಚ್ ಏರ್ತದೆ, ಬೇರಿಗೆ ಕಬ್ಬಿಣ ಸಿಗುವುದಿಲ್ಲ. ನರ ಹಸಿರಾಗಿಯೇ ಉಳಿದು ನಡುವೆ ಹಳದಿ ಬಂದರೆ ಇದೇ ಕಾಯಿಲೆ. ಮಳೆನೀರು ಹಿಡಿದಿಟ್ಟು ಹಾಕಿ. ಜೌಗಿನ ಬೆಳೆ ಅಂತ ಕುಂಡದಲ್ಲಿ ನೀರು ನಿಲ್ಲಿಸಬೇಡಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕ್ರ್ಯಾನ್‌ಬೆರಿ ಗದ್ದೆಗೆ ನೀರು ತುಂಬಿಸುವುದು ಚಳಿಗಾಲದಲ್ಲಿ ಬಳ್ಳಿ ಕಾಯಲಿಕ್ಕೆ, ಮತ್ತೆ ಕೊಯ್ಲಿಗೆ. ಹಣ್ಣಿನೊಳಗೆ ನಾಲ್ಕು ಗಾಳಿಗೂಡು ಉಂಟು, ಹಾಗಾಗಿ ತೇಲ್ತದೆ. ಬೆಳೆಯುವಾಗ ಬೇರು ಮುಳುಗಿದರೆ ಕೊಳೆಯುವುದೇ.

ಕಾರ್ಕಳ: ಕಾಯಿ ಬಿಡದ ಗಿಡ ಉಳಿಸಿ ಎಂತ ಮಾಡ್ಲಿಕ್ಕುಂಟು ಮಾರಾಯ್ರೆ?

ಕುಂದಾಪುರ: ಅವರು ಹಳದಿ ಎಲೆಯನ್ನೂ ಕೇಳಿದ್ದಾರೆ. ನೀವು ಬರೆದದ್ದು ನಿಮ್ಮ ಖರ್ಚು.

ಬಂಟ್ವಾಳ: ಅದರ ಬದಲು ನಮ್ಮ ಗುಡ್ಡೆಯ ಹುಳಿ ಹಣ್ಣು ಕರಂಡೆ (ಕವಳಿ) ಹಾಕಿ. ಮುರಕಲ್ಲಿನ ಗುಡ್ಡೆಯಲ್ಲೂ ಬರ್ತದೆ. ಬೀಜ ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ, ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಿ. ಉಪ್ಪಿನಕಾಯಿಗಾದರೆ ಬೀಜ ಬಲಿಯುವ ಮೊದಲೇ ಕೊಯ್ಯಿರಿ. ತೊಟ್ಟು ಮುರಿದಲ್ಲಿ ಬಿಳಿ ಸೊನೆ ಹನಿ ಕಟ್ತದೆ. ಮೂರು ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಕೈಗೂ ಭರಣಿಗೂ ಅಂಟು. ಕಿಲೋಕ್ಕೆ 250 ಗ್ರಾಂ ಹರಳುಪ್ಪು, ಕುದಿಸಿ ಪೂರ್ತಿ ಆರಿಸಿದ ನೀರು. ಕಾಯಿಯ ಮೇಲೆ ಭಾರ ಇಡಿ, ತೇಲಿದ್ದಕ್ಕೆ ಬೂಷ್ಟು ಬರ್ತದೆ.

ಮಂಗಳೂರು: ಕರಂಡೆ ಕಣಗಿಲೆಯ ಕುಟುಂಬ, ಕ್ರ್ಯಾನ್‌ಬೆರಿ ಬ್ಲೂಬೆರಿಯ ನೆಂಟ. ಎರಡನ್ನೂ ಒಂದೇ ಮಾಡಬೇಡಿ. ಬಣ್ಣ ಹಾಕಿದ ಕರಂಡೆ ಬೇಕರಿಯಲ್ಲಿ ಚೆರಿ ಆಗಿಯೂ ಕೂರ್ತದೆ. ಉರಿಮೂತ್ರಕ್ಕೆ ಅಂತ ಒಣ ಕ್ರ್ಯಾನ್‌ಬೆರಿ ತಿನ್ನುವವರು ಪ್ಯಾಕೆಟಿನ ಹಿಂದೆ ಸಕ್ಕರೆಯ ಅಂಕಿ ನೋಡಿ. ಸೋಂಕು ಬಂದ ಮೇಲೆ ಅದು ಔಷಧಿಯಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಬಂಟ್ವಾಳ: ಒಂದೇ ಗಿಡ ಅಂತ ಎಲ್ಲಿ ಬರೆದಿದ್ದೇನೆ? ಹುಳಿಯ ಜಾಗಕ್ಕೆ ಹುಳಿ ಅಂದದ್ದು. ಹಣ್ಣಾದ ಕರಂಡೆ ಅರ್ಧ ಕಿಲೋ, ಬೆಲ್ಲ 350 ಗ್ರಾಂ, ಎರಡು ಬ್ಯಾಡಗಿ ಮೆಣಸು; ಅದರ ಗೊಜ್ಜು ಒಮ್ಮೆ ಮಾಡಿ ನೋಡಿ. ಕರಂಡೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗಿಯೇ ಉಳಿಯುತ್ತದೆ.