ದೊಡ್ಡಪ್ಪ ಕಳಿಸಿದ ಸುದ್ದಿ, ತಂತಿಯೊಳಗಿನ ಗೋಡೆ

ದೊಡ್ಡಪ್ಪ (ಫಾರ್ವರ್ಡ್): "ಹೊಸ ಆವಿಷ್ಕಾರ! ಕೂದಲಿಗಿಂತ ತೆಳ್ಳಗಿನ ತಂತಿಯಲ್ಲಿ ಅಯಸ್ಕಾಂತದ ಕಣಗಳು ವಿದ್ಯುತ್ತಿನಿಂದ ಓಡುತ್ತವೆ. ಹಾರ್ಡ್ ಡಿಸ್ಕ್ ಯುಗ ಮುಗಿಯಿತು. ಎಲ್ಲರಿಗೂ ತಿಳಿಸಿ."

ಭಾವ: ಮಾವ, ಇದನ್ನು ನಾನು 2008ರಲ್ಲೇ ಓದಿದ್ದೆ. ಅಂಗಡಿಗೆ ಇನ್ನೂ ಬಂದಿಲ್ಲ. ಇಂಥವನ್ನು ನಂಬಬೇಡಿ.

ನಾನು: ಸುದ್ದಿ ಹಳೆಯದು ಭಾವ, ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಐಬಿಎಂ ಅಲ್ಮಡೆನ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಪಾರ್ಕಿನ್ ಅವರ ತಂಡ ಅದನ್ನು ಮಾಡಿ ತೋರಿಸಿತು. ನಿಕ್ಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ನ್ಯಾನೊ ತಂತಿಯಲ್ಲಿ ಮೂರು ಬಿಟ್ ಮಾಹಿತಿಯನ್ನು ವಿದ್ಯುತ್ ಮಿಡಿತಗಳಿಂದ ಮುಂದಕ್ಕೆ ಸರಿಸಿದರು. ಆದರೆ ದೊಡ್ಡಪ್ಪ, "ಕಣಗಳು ಓಡುತ್ತವೆ" ಎಂಬ ಮಾತು ತಪ್ಪು. ಪರಮಾಣುಗಳು ಇದ್ದಲ್ಲೇ ಇರುತ್ತವೆ. ತಂತಿಯ ಒಂದು ಭಾಗದ ಕಾಂತತ್ವ ಬಲಕ್ಕೆ ಮುಖ ಮಾಡಿದ್ದರೆ ಪಕ್ಕದ ಭಾಗದ್ದು ಎಡಕ್ಕೆ. ಮಾಹಿತಿ ಅಡಗಿರುವುದು ಈ ದಿಕ್ಕುಗಳಲ್ಲೇ. ಆ ಎರಡು ಭಾಗಗಳ ನಡುವಿನ ಗಡಿಗೆ ಡೊಮೇನ್ ಗೋಡೆ ಎನ್ನುತ್ತಾರೆ. ಚಲಿಸುವುದು ಆ ಗಡಿ.

ಅಕ್ಕ: ಅದಕ್ಕೆ ವಿದ್ಯುತ್ ಏಕೆ? ಹತ್ತಿರ ಒಂದು ಅಯಸ್ಕಾಂತ ಹಿಡಿದರೆ ಸಾಲದೇ?

ನಾನು: ಎಲ್ಲವೂ ನಿಂತಿರುವುದು ಇದೇ ಪ್ರಶ್ನೆಯ ಮೇಲೆ ಅಕ್ಕ! ಹೊರಗಿನ ಕಾಂತಕ್ಷೇತ್ರ ತನ್ನ ದಿಕ್ಕಿನ ಭಾಗಗಳನ್ನು ಹಿಗ್ಗಿಸಿ ಎದುರು ದಿಕ್ಕಿನವನ್ನು ಕುಗ್ಗಿಸುತ್ತದೆ. ಅಕ್ಕಪಕ್ಕದ ಗೋಡೆಗಳು ಎದುರುಬದುರಾಗಿ ಬಂದು, ಕೂಡಿ, ಅಳಿದುಹೋಗುತ್ತವೆ. ಬರೆದಿಟ್ಟ ಮಾಹಿತಿಯೂ ಅಲ್ಲಿಗೇ ಹೋಯಿತು. ವಿದ್ಯುತ್ ಹಾಗೆ ಮಾಡುವುದಿಲ್ಲ. ಎಲೆಕ್ಟ್ರಾನ್ ಗೋಡೆಯನ್ನು ದಾಟುವಾಗ ಅದರ ಸ್ಪಿನ್, ಅಂದರೆ ಅದರ ಪುಟ್ಟ ಕಾಂತತ್ವದ ದಿಕ್ಕು, ತಿರುಗುತ್ತದೆ, ಆ ತಿರುವಿನ ಪ್ರತಿಕ್ರಿಯೆ ಗೋಡೆಯನ್ನು ಎಲೆಕ್ಟ್ರಾನ್ ಹೋಗುವ ಕಡೆಗೇ ನೂಕುತ್ತದೆ. ಹೀಗೆ ಗೋಡೆಗಳೆಲ್ಲ ಒಂದೇ ದಿಕ್ಕಿಗೆ, ಕ್ರಮ ತಪ್ಪದೆ ಸಾಗುತ್ತವೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಭಾವ: ನಿನ್ನ ಸಂತೋಷ ಸರಿ. ಕೊಳ್ಳಲು ಸಿಗದ ಮೆಮೊರಿಯಿಂದ ಯಾರಿಗೇನು ಪ್ರಯೋಜನ?

ನಾನು: ಪ್ರಯೋಗಾಲಯದಿಂದ ಅಂಗಡಿಗೆ ಬರಲು ಸಮಯ ಬೇಕು ಭಾವ. ದೈತ್ಯ ಕಾಂತರೋಧ, ಅಂದರೆ ಕಾಂತಕ್ಷೇತ್ರ ತಾಗಿದಾಗ ತೆಳುಪದರಗಳ ವಿದ್ಯುತ್ ರೋಧ ಬಹಳ ಬದಲಾಗುವ ಗುಣ, ಪತ್ತೆಯಾದದ್ದು 1988ರಲ್ಲಿ. ಅದನ್ನು ಬಳಸಿದ ಹಾರ್ಡ್ ಡಿಸ್ಕನ್ನು ಐಬಿಎಂ ಮಾರುಕಟ್ಟೆಗೆ ತಂದದ್ದು 1997ರಲ್ಲಿ. ಅದರ ಹಿಂದೆಯೂ ಪಾರ್ಕಿನ್ ಅವರ ದುಡಿಮೆ ಇದೆ.

ಭಾವ: ಅದು ಒಂಬತ್ತು ವರ್ಷದಲ್ಲಿ ಬಂತು. ಇದು ಏಕೆ ಬರಲಿಲ್ಲ? ಅದನ್ನು ಹೇಳು.

ನಾನು: ಮುಖ್ಯವಾಗಿ ಶಾಖ. ಗೋಡೆಯನ್ನು ಕದಲಿಸಲು ಬೇಕಾಗುವ ಪ್ರವಾಹ ಚದರ ಮಿಲಿಮೀಟರಿಗೆ ಸುಮಾರು 10 ಲಕ್ಷ ಆಂಪಿಯರ್ ಲೆಕ್ಕಕ್ಕೆ ಬರುತ್ತದೆ. ನಮ್ಮ ಮನೆಯ ತಾಮ್ರದ ತಂತಿಗೆ ಹತ್ತರ ಆಸುಪಾಸೇ ಹೆಚ್ಚು. ಹಾಗಾಗಿ ನ್ಯಾನೊಸೆಕೆಂಡುಗಳ ಮಿಡಿತಗಳನ್ನಷ್ಟೇ ಹರಿಸುತ್ತಾರೆ. ಆದರೂ ಕೆಲಸ ನಿಂತಿಲ್ಲ. ಜಪಾನಿನ ತಂಡವೊಂದು 2004ರಲ್ಲಿ ಕಂಡ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. 2015ರಲ್ಲಿ ಪಾರ್ಕಿನ್ ತಂಡ ಎರಡು ಕಾಂತಪದರಗಳನ್ನು ವಿರುದ್ಧ ದಿಕ್ಕಿಗೆ ಜೋಡಿಸಿ ಸುಮಾರು 750 ಮೀಟರ್ ಮುಟ್ಟಿತು.

ದೊಡ್ಡಪ್ಪ: ಹಾಗಾದರೆ ಕಳಿಸಿದ್ದನ್ನು ಅಳಿಸಲೇನಮ್ಮಾ?

ನಾನು: ಅಳಿಸಬೇಡಿ ದೊಡ್ಡಪ್ಪ. ಹಾರ್ಡ್ ಡಿಸ್ಕ್ ಯುಗ ಮುಗಿಯಿತು ಎಂಬ ಸಾಲನ್ನು ತೆಗೆದು, ಕಣದ ಬದಲು ಗಡಿ ಎಂದು ತಿದ್ದಿ ಮತ್ತೆ ಕಳಿಸಿ.

ಭಾವ: ವೇಗವನ್ನು ಒಪ್ಪಿದೆ. ಓಡಿದ ಗೋಡೆ ಬೇಕಾದ ಜಾಗದಲ್ಲೇ ನಿಲ್ಲುತ್ತದೆಯೇ?

ನಾನು: ನಿಲ್ಲಿಸಲು ತಂತಿಯ ಅಂಚಿನಲ್ಲಿ ಸಣ್ಣ ಕಚ್ಚುಗಳನ್ನು ಮಾಡುತ್ತಾರೆ. ಕಚ್ಚು ಆಳವಾದರೆ ಗೋಡೆ ಕದಲಲು ಇನ್ನೂ ಹೆಚ್ಚು ಪ್ರವಾಹ ಬೇಕು, ಶಾಖವೂ ಏರುತ್ತದೆ. ಆಳ ಸಾಲದಿದ್ದರೆ ಗೋಡೆ ಜಾರಿ ಮುಂದೆ ಹೋಗುತ್ತದೆ. ಅಂಗಡಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ ಭಾವ. ಈ ಪ್ರಶ್ನೆಯನ್ನು ನೀವು ಮೊದಲೇ ಕೇಳಿದ್ದರೆ ಜಗಳವೇ ಆಗುತ್ತಿರಲಿಲ್ಲ.