ಹಳೆಯ 386ಕ್ಕೆ ಯಾವ ಯುನಿಕ್ಸ್ ಹಾಕೋದು? ಬಲ್ಲವರು ತಿಳಿಸಿ

ಕೊಪ್ಪಳದಿಂದ ಪ್ರಶ್ನೆ:
ಕಾಲೇಜಿನ ಸ್ಟೋರ್ ರೂಮಿನಲ್ಲಿದ್ದ 386 ಡಿಎಕ್ಸ್ ಕಂಪ್ಯೂಟರ್ ಇನ್ನೂ ಚಾಲೂ ಇದೆ. 4 ಎಂಬಿ ರ‍್ಯಾಮ್, ಗಣಿತ ಲೆಕ್ಕದ 387 ಚಿಪ್, 1.44 ಫ್ಲಾಪಿ; ಹಾರ್ಡ್ ಡಿಸ್ಕ್ ಮಾತ್ರ ಕೆಟ್ಟಿದೆ. ಜೊತೆಗೆ 640 ಕೆಬಿಯ ಒಂದು ಎಕ್ಸ್‌ಟಿ (386ಕ್ಕಿಂತ ಹಳೆಯ ಪಿಸಿ). ಬಿಸಿಎ ಹುಡುಗರಿಗೆ ಶೆಲ್ (ಕಮಾಂಡ್ ಕೊಡುವ ಪ್ರೋಗ್ರಾಂ), ಸಿ ಭಾಷೆ, ಕರ್ನಲ್ (ಓಎಸ್‌ನ ತಿರುಳು) ಒಳಗಿನ ಕೆಲಸ ತೋರಿಸಬೇಕು. ಯುನಿಕ್ಸ್ ಥರದ ಓಎಸ್‌ಗಳಾದ ಮಿನಿಕ್ಸ್, ಲಿನಕ್ಸ್, ನೆಟ್‌ಬಿಎಸ್‌ಡಿ, ಯಾವುದು ಸರಿ?

ಬಳ್ಳಾರಿಯಿಂದ:
ಸರ್, ಓಎಸ್ ಆಮೇಲೆ. ಮೊದಲು ಮದರ್‌ಬೋರ್ಡ್ ಮೇಲಿನ ಬ್ಯಾಟರಿ ನೋಡ್ರಿ. ಪುಟ್ಟ ಪೀಪಾಯಿಯಂಥ 3.6 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಸೆಲ್ ಇದ್ದರೆ ಇವತ್ತೇ ಕತ್ತರಿಸಿ ತೆಗೀರಿ. ಅದು ಸೋರಿದರೆ ಸುತ್ತಲಿನ ಟ್ರ್ಯಾಕ್‌ಗಳನ್ನು ತಿನ್ನುತ್ತದೆ. ಬಹಳ ಬೋರ್ಡ್‌ಗಳಲ್ಲಿ ಕೀಬೋರ್ಡ್ ಸರ್ಕ್ಯೂಟ್ ಅದರ ಪಕ್ಕದಲ್ಲೇ ಇರುವುದರಿಂದ ಮೊದಲು ಹೋಗುವುದು ಅದೇ. ಹಸಿರು ಕಿಲುಬು ಕಂಡರೆ ಬಿಳಿ ವಿನೆಗರ್ ಹಚ್ಚಿದ ಇಯರ್‌ಬಡ್‌ನಿಂದ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸ್ರಿ. ಬದಲಿಗೆ ಲಿಥಿಯಂ ಸೆಲ್ ಹಾಕುವುದಾದರೆ ನಡುವೆ ಡಯೋಡ್ ಬೇಕೇ ಬೇಕು. ಬೋರ್ಡ್ ಆ ಸೆಲ್ಲನ್ನೂ ಚಾರ್ಜ್ ಮಾಡಲು ಹೋಗುತ್ತದೆ, ಲಿಥಿಯಂ ಅದನ್ನು ತಡಕೊಳ್ಳುವುದಿಲ್ಲ.

ನಮ್ಮ ಕಡೆ ಕೆಂಪು ಧೂಳಿನದ್ದೇ ದೊಡ್ಡ ಕಾಟ. ಫ್ಲಾಪಿ ಡ್ರೈವಿನ ಹೆಡ್ ಒರೆಸದೆ ಒಳ್ಳೆಯ ಫ್ಲಾಪಿ ಹಾಕಬೇಡ್ರಿ, ಗೀರು ಬೀಳುತ್ತದೆ.

ಡಿಸ್ಕಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಮತ್ತು 40 ಪಿನ್ ಐಡಿಇ ಅಡಾಪ್ಟರ್ ಸಾಕು. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಪ್ರೋಗ್ರಾಂ) ಟೈಪ್ 47 (ಅಳತೆ ನಾವೇ ಕೊಡುವ ಡಿಸ್ಕ್ ಬಗೆ) ಆರಿಸಿ ಸಿಲಿಂಡರ್ 1023, ಹೆಡ್ 16, ಸೆಕ್ಟರ್ 63 ಅಂತ ಕೊಡ್ರಿ. ಆ ಕಾಲದ ಬಯಾಸ್ 1024 ಸಿಲಿಂಡರ್ ದಾಟಿ ನೋಡುವುದಿಲ್ಲ. ಹಾಗಾಗಿ ಕಾರ್ಡ್ ಎಷ್ಟೇ ದೊಡ್ಡದಿರಲಿ, ಸಿಗುವುದು ಸುಮಾರು 500 ಎಂಬಿ. ನಿಮ್ಮ ಕೆಲಸಕ್ಕೆ ಅದೇ ಹೆಚ್ಚು.

ರಾಯಚೂರಿನಿಂದ:
4 ಎಂಬಿಯಲ್ಲಿ ಕಲಿಸುವುದಕ್ಕಾದರೆ ಮಿನಿಕ್ಸ್ 2.0.4, ಎರಡನೇ ಮಾತಿಲ್ಲ. ಪ್ರೊಫೆಸರ್ ಟನೆನ್‌ಬಾಮ್ ಇದನ್ನು 1987ರಲ್ಲಿ ಹೊರತಂದದ್ದೇ ಪಾಠಕ್ಕಾಗಿ. ಸಿ ಕಂಪೈಲರ್ ಒಳಗೇ ಇದೆ, ಕರ್ನಲ್ ಸೋರ್ಸ್ ಪೂರ್ತಿ ಸಿಗುತ್ತದೆ, ಅದೇ ಮಷಿನ್ ಮೇಲೆ ಮತ್ತೆ ಕಟ್ಟಬಹುದು. 2000ದಿಂದ ಬಿಎಸ್‌ಡಿ ಲೈಸೆನ್ಸ್, ಹಂಚಲು ಅಡ್ಡಿಯಿಲ್ಲ.

ರೂಟ್ ಮತ್ತು ಯುಎಸ್‌ಆರ್ ಇಮೇಜ್‌ಗಳನ್ನು ಫ್ಲಾಪಿಗೆ ಬರೆದು ಬೂಟ್ ಮಾಡಿ, ರೂಟ್ ಆಗಿ ಲಾಗಿನ್ ಆಗಿ 'ಸೆಟಪ್' ಕೊಡಿ. ಕರ್ನಲ್ ತಿದ್ದಿದ ಮೇಲೆ ಸೋರ್ಸಿನ 'ಟೂಲ್ಸ್' ಡೈರೆಕ್ಟರಿಯಲ್ಲಿ 'ಮೇಕ್ ಎಚ್‌ಡಿಬೂಟ್'. ಹೊಸ ಇಮೇಜ್ ಏಳದಿದ್ದರೆ ಗಾಬರಿ ಬೇಡ: ಬೂಟ್ ಆಗುವಾಗ ಎಸ್ಕೇಪ್ ಒತ್ತಿದರೆ ಬೂಟ್ ಮಾನಿಟರ್ (ಏಳುವ ಮೊದಲು ಕಮಾಂಡ್ ಕೊಡುವ ಜಾಗ) ಸಿಗುತ್ತದೆ, ಅಲ್ಲಿ ಹಳೆಯ ಇಮೇಜಿನ ಹೆಸರು ಕೊಟ್ಟು ಏಳಿಸಬಹುದು. ಅದಕ್ಕೇ ಹಳೆಯ ಇಮೇಜ್ ಅಳಿಸಬಾರದು.

ಹುಡುಗರು ಎಡವುವ ಜಾಗ ಒಂದಿದೆ. ಮಿನಿಕ್ಸ್ 2ರಲ್ಲಿ ಪೇಜಿಂಗ್ (ಮೆಮೊರಿಯನ್ನು ಸಣ್ಣ ಪುಟಗಳಾಗಿ ಹಂಚುವ ವಿಧಾನ) ಇಲ್ಲ. ಪ್ರತಿ ಪ್ರೋಗ್ರಾಮಿನ ಸ್ಟಾಕ್ ಮತ್ತು ಹೀಪ್ ಎರಡಕ್ಕೂ ಸೇರಿ ಜಾಗ ಮೊದಲೇ ನಿಗದಿ. ಮ್ಯಾಲಾಕ್ (ಮೆಮೊರಿ ಕೇಳುವ ಸಿ ಫಂಕ್ಷನ್) ಸುಮ್ಮನೆ ಸೋಲುತ್ತಿದ್ದರೆ ಕೋಡ್ ಕೆದಕುವ ಮೊದಲು 'ಚ್‌ಮೆಮ್' ಕಮಾಂಡಿನಿಂದ ಆ ಜಾಗ ಹೆಚ್ಚಿಸಿ ನೋಡಿ.

ಸಿಂಧನೂರಿನಿಂದ:
ರಾಯಚೂರಿನ ಗುರುಗಳ ಮಾತು 4 ಎಂಬಿಗೆ ಸರಿ. ಆದರೆ ರ‍್ಯಾಮ್ ಏರಿಸುವುದು ಕಷ್ಟವಲ್ಲ. 386 ಡಿಎಕ್ಸ್‌ಗೆ 30 ಪಿನ್ನಿನ ಸಿಮ್ (ಮೆಮೊರಿ ಪಟ್ಟಿ) ನಾಲ್ಕು ನಾಲ್ಕಾಗಿ ಹಾಕಬೇಕು, ಒಂದೆರಡು ಹಾಕಿದರೆ ಏಳುವುದಿಲ್ಲ. ಇನ್ನೂ ನಾಲ್ಕು 1 ಎಂಬಿ ಸಿಮ್ ಸೇರಿಸಿದರೆ 8 ಎಂಬಿ. ಆಗ ಲಿನಕ್ಸ್‌ನ ಹಳೆಯ ಸ್ಲ್ಯಾಕ್‌ವೇರ್ 3 ಸರಣಿ ಆರಾಮಾಗಿ ನಡೆಯುತ್ತದೆ, ಜಿಸಿಸಿ ಕಂಪೈಲರ್ ಸಿಗುತ್ತದೆ, ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್ ಬಳಸುವುದು) ಇರುತ್ತದೆ.

ಹೊಸ ಲಿನಕ್ಸ್ ಹುಡುಕಬೇಡಿ. 2013ರ 3.8 ಕರ್ನಲ್‌ನಿಂದ 386 ಬೆಂಬಲ ತೆಗೆದಿದ್ದಾರೆ, ನೆಟ್‌ಬಿಎಸ್‌ಡಿ 5.0ರಲ್ಲೂ ಅದೇ ಕಥೆ. ಹಳೆಯದನ್ನು ಹಾಕಿದರೆ ಇಂಟರ್ನೆಟ್‌ಗೆ ಜೋಡಿಸಬೇಡಿ, ಲ್ಯಾಬಿನೊಳಗಿನ ಕೇಬಲ್‌ಗಷ್ಟೇ ಸಾಕು. ಎನ್‌ಇ2000 ನೆಟ್‌ವರ್ಕ್ ಕಾರ್ಡ್ ಇದ್ದರೆ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗೆರೆಯ ಸಂಖ್ಯೆ) 3 ಬಿಟ್ಟು 5 ಅಥವಾ 10ಕ್ಕೆ ಇಡಿ, 3 ಎರಡನೇ ಸೀರಿಯಲ್ ಪೋರ್ಟಿನದು.

ಗಂಗಾವತಿಯಿಂದ:
ಎಕ್ಸ್‌ಟಿಗೆ ಎಲ್ಕ್ಸ್ ಹಾಕ್ರಿ. 8086 ವರ್ಗಕ್ಕೆಂದೇ ಬರೆದ ಪುಟ್ಟ ಲಿನಕ್ಸ್, 360 ಕೆಬಿ ಫ್ಲಾಪಿಗೂ ಇಮೇಜ್ ಇದೆ. ಆ ಫ್ಲಾಪಿಯನ್ನು 1.2 ಎಂಬಿ ಡ್ರೈವಿನಲ್ಲಿ ಬರೆಯಬೇಡ್ರಿ: ಅದರ ಹೆಡ್ ಬರೆಯುವ ಟ್ರ್ಯಾಕ್ ಕಿರಿದು, ಎಕ್ಸ್‌ಟಿಯ ಅಗಲವಾದ ಹೆಡ್ ಪಕ್ಕದಲ್ಲಿ ಉಳಿದ ಹಳೆಯದನ್ನೂ ಸೇರಿಸಿ ಓದಿ ತಪ್ಪುತ್ತದೆ. ಆ ಚಿಪ್ಪಿಗೆ ಮೆಮೊರಿ ರಕ್ಷಣೆಯೇ ಇಲ್ಲ. ಒಂದು ಕೆಟ್ಟ ಪಾಯಿಂಟರ್ ಇಡೀ ಮಷಿನ್ ನಿಲ್ಲಿಸಬಲ್ಲದು. ಅದೇ ತಪ್ಪನ್ನು 386ರ ಮೇಲೂ ಓಡಿಸಿ ತೋರಿಸ್ರಿ, ಅಲ್ಲಿ ಆ ಪ್ರೋಗ್ರಾಂ ಒಂದೇ ಸಾಯುತ್ತದೆ. ಕರ್ನಲ್ ಪಾಠ ಅರ್ಧ ಅಲ್ಲೇ ಮುಗೀತು.

ಕೊಪ್ಪಳದಿಂದ:
ಹಾಗಾದರೆ ಮಿನಿಕ್ಸ್‌ನಿಂದ ಶುರು ಮಾಡುತ್ತೇವೆ, ಸಿಮ್ ಸಿಕ್ಕ ಮೇಲೆ ಇನ್ನೊಂದು ಕಾರ್ಡಿನಲ್ಲಿ ಸ್ಲ್ಯಾಕ್‌ವೇರ್. ಆ ಕಾರ್ಡನ್ನು ಬೇರೆ ಕಂಪ್ಯೂಟರಿನಲ್ಲೇ ತುಂಬಿ ತರಬಹುದೇ? ನಡುವೆ ಕರೆಂಟ್ ಹೋದರೆ?

ಸಿಂಧನೂರಿನಿಂದ:
ಫೈಲ್ ತುಂಬಬಹುದು, ಆದರೆ ಲಿಲೋವನ್ನು (ಲಿನಕ್ಸ್ ಏಳಿಸುವ ಬೂಟ್ ಪ್ರೋಗ್ರಾಂ) 386ರ ಮೇಲೆ ಫ್ಲಾಪಿಯಿಂದ ಬೂಟ್ ಮಾಡಿಯೇ ಬರೆಯಿರಿ. ಎರಡು ಬಯಾಸ್‌ಗಳ ಹೆಡ್-ಸೆಕ್ಟರ್ ಲೆಕ್ಕ ಬೇರೆಯಾದರೆ ಪರದೆ ಮೇಲೆ 'ಎಲ್‌ಐ' ಅಂತ ಎರಡೇ ಅಕ್ಷರ ಬಂದು ನಿಲ್ಲುತ್ತದೆ. ಈ ಯಾವುದಕ್ಕೂ ಜರ್ನಲ್ (ಡಿಸ್ಕ್ ಬದಲಾವಣೆಗಳ ದಾಖಲೆ) ಇಲ್ಲ, ಕರೆಂಟ್ ಹೋದಾಗಲೆಲ್ಲ ಡಿಸ್ಕ್ ತಪಾಸಣೆಯ ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಬೇಕಾಗುತ್ತದೆ. ಸಣ್ಣ ಯುಪಿಎಸ್ ಇಡಿ. ಮತ್ತು ಪಾಠ ಕಟ್ಟಿದ ಕಾರ್ಡಿನ ಪೂರ್ತಿ ಇಮೇಜನ್ನು 'ಡಿಡಿ' ಕಮಾಂಡಿನಿಂದ ತೆಗೆದು ಬೇರೆ ಕಡೆ ಇಟ್ಟಿರಿ.